ಎಳೆಯ ಮಕ್ಕಳಲ್ಲಿ ಸ್ವಲೀನತೆಯ ಮೊದಲ ಕುರುಹುಗಳು: ಗುರುತಿಸುವಿಕೆಯ ಚರಿತ್ರೆ ಮತ್ತು ರಾಯಚೂರು ಸೀಮೆ

೧

ರಾಜರ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳುಂಟು. ಬರಗಾಲದ ಚರಿತ್ರೆಯನ್ನು ಬರೆಯುವವನಿಗೆ ಕಂದಾಯದ ಲೆಕ್ಕಪತ್ರಗಳುಂಟು. ಆದರೆ ಎರಡು ವರ್ಷ ತುಂಬಿದರೂ ಮಾತನಾಡದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ತಾಯಿಯ ಮುಖಕ್ಕಿಂತ ತಿರುಗುವ ಗಾಲಿಯನ್ನೇ ಹೆಚ್ಚು ಹೊತ್ತು ದಿಟ್ಟಿಸುವ ಕೂಸಿನ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳು ಯಾವುವು? ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ ಶಾಸನಗಳಿಗೆ ಬಡವಾದುದಲ್ಲ. ಅಶೋಕನ ಹೆಸರನ್ನು ಸ್ಪಷ್ಟವಾಗಿ ತಿಳಿಸಿದ ಬಂಡೆಗಲ್ಲಿನ ಶಾಸನ ೧೯೧೫ರಲ್ಲಿ ದೊರೆತುದು ಇಲ್ಲಿಯ ಮಸ್ಕಿಯಲ್ಲಿ. ದೇವದುರ್ಗ ತಾಲೂಕಿನ ಗಬ್ಬೂರಿನ ಗುಡಿಗಳೂ ಶಾಸನಗಳೂ ವಿದ್ವಾಂಸರಿಗೆ ಪರಿಚಿತವಾಗಿವೆ. ಇಷ್ಟಾದರೂ ಈ ನೆಲದ ಮನೆಗಳ ಒಳಗೆ, ತೊಟ್ಟಿಲ ಬಳಿಯಲ್ಲಿ, ತಾಯಂದಿರು ಏನನ್ನು ಕಂಡರು, ಕಂಡುದನ್ನು ಏನೆಂದು ಕರೆದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಇಂದು ವೈದ್ಯಶಾಸ್ತ್ರವು ಸ್ವಲೀನತೆ ಅಥವಾ ಆಟಿಸಂ ಎಂದು ಕರೆಯುವ ಬೆಳವಣಿಗೆಯ ಭೇದವನ್ನು ಎಳೆಯ ಮಕ್ಕಳಲ್ಲಿ ಗುರುತಿಸುವ ಕ್ರಮವು ಹೇಗೆ ಬೆಳೆದು ಬಂದಿತು, ಅದು ನಮ್ಮ ನಾಡಿಗೆ ಹೇಗೆ ತಲುಪಿತು, ರಾಯಚೂರು, ಮಾನ್ವಿ, ದೇವದುರ್ಗಗಳಂತಹ ಕಡೆ ಅದರ ಸ್ಥಿತಿಯೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಚರಿತ್ರೆಯ ಅಭ್ಯಾಸಿಗಳು. ಆದುದರಿಂದ ಚಿಕಿತ್ಸೆಯ ಮಾತನ್ನು ಬಲ್ಲವರಿಗೆ ಬಿಟ್ಟು, ಅರಿವು ಬೆಳೆದ ಬಗೆಯನ್ನು ಮಾತ್ರ ನೋಡುತ್ತೇವೆ. ನಮ್ಮ ವಾದವನ್ನು ಮೊದಲಲ್ಲಿಯೇ ಹೇಳಿಬಿಡುವುದು ಮೇಲು. ಈ ಚರಿತ್ರೆಯ ಉದ್ದಕ್ಕೂ ಮೊದಲು ಕಂಡವರು ಹೆತ್ತವರು. ಅವರ ಸಾಕ್ಷ್ಯಕ್ಕೆ ಬೆಲೆ ಬಂದಾಗಲೆಲ್ಲ ಶಾಸ್ತ್ರವು ಮುಂದೆ ಸಾಗಿದೆ; ಬೆಲೆ ತಪ್ಪಿದಾಗಲೆಲ್ಲ ಹಿಂದೆ ಸರಿದಿದೆ.

೨

ಹೆಸರು ಹೊಸದಾದರೂ ಸ್ಥಿತಿ ಹೊಸದಲ್ಲವೆಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಹಾಗಾದರೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಇದರ ಉಲ್ಲೇಖ ಉಂಟೇ? ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳ ವಿವರಣೆಯಿದೆ. ಇವುಗಳಲ್ಲಿ ಸ್ವಲೀನತೆಯನ್ನು ಕಾಣುವ ಆಸೆ ಸಹಜವಾದುದು. ಆದರೆ ಅಲ್ಲಿ ಹೇಳಿರುವ ಲಕ್ಷಣಗಳಲ್ಲಿ ಹೆಚ್ಚಿನವು ಜ್ವರ, ಸೆಳವು, ಭೇದಿ, ಮೊಲೆಯನ್ನೊಲ್ಲದಿರುವಿಕೆ ಮುಂತಾದ ತೀವ್ರವ್ಯಾಧಿಗಳಿಗೆ ಸೇರಿದವು. ಹೋಲಿಕೆಯೊಂದನ್ನೇ ಹಿಡಿದು ಹೊಸ ಹೆಸರನ್ನು ಹಳೆಯ ಗ್ರಂಥಕ್ಕೆ ಅಂಟಿಸುವುದು ಚರಿತ್ರಕಾರನಿಗೆ ಸಲ್ಲದು. ಬಾಲಗ್ರಹದ ಕಲ್ಪನೆ ನಮಗೆ ತಿಳಿಸುವುದು ಇಷ್ಟೇ: ಮಗುವಿನ ನಡತೆಯಲ್ಲಿ ಕಾರಣ ತೋರದ ಬದಲಾವಣೆ ಕಂಡಾಗ ಅದನ್ನು ಹೊರಗಿನ ಶಕ್ತಿಯೊಂದಕ್ಕೆ ಆರೋಪಿಸುವ ಪದ್ಧತಿ ಬಹಳ ಹಳೆಯದು. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು ಮೊದಲಾದ ಆಚಾರಗಳಲ್ಲಿ ಆ ಪದ್ಧತಿ ಇಂದಿಗೂ ಉಳಿದುಬಂದಿದೆ.

ಇದಕ್ಕಿಂತ ಹೆಚ್ಚು ಉಪಯುಕ್ತವಾದ, ಆದರೆ ಅಷ್ಟಾಗಿ ಯಾರೂ ಈ ದೃಷ್ಟಿಯಿಂದ ಓದದ ಆಧಾರವೊಂದಿದೆ. ಅದು ಜನಗಣತಿ. ೧೮೮೧ರಿಂದ ೧೯೩೧ರವರೆಗಿನ ಭಾರತದ ಜನಗಣತಿಗಳಲ್ಲಿ ನಾಲ್ಕು ಬಗೆಯ ಅಂಗವೈಕಲ್ಯಗಳನ್ನು ಎಣಿಸುತ್ತಿದ್ದರು: ಬುದ್ಧಿವಿಕಲತೆ, ಹುಟ್ಟು ಕಿವುಡು-ಮೂಕತನ, ಕುರುಡು ಮತ್ತು ಕುಷ್ಠ. ಆಗ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವೂ ೧೮೮೧ರಿಂದಲೇ ಗಣತಿಯಲ್ಲಿ ಪಾಲುಗೊಂಡಿತು. ಅಂದಿನ ಗಣತಿಗಾರನು ಮಾನ್ವಿಯ ಒಂದು ಮನೆಯ ಮುಂದೆ ನಿಂತು, ಕರೆದರೆ ಓಗೊಡದ, ಮಾತಿಲ್ಲದ ನಾಲ್ಕು ವರ್ಷದ ಹುಡುಗನನ್ನು ನೋಡಿದ್ದರೆ ಅವನನ್ನು ಯಾವ ಅಂಕಣಕ್ಕೆ ಹಾಕುತ್ತಿದ್ದನು? ಪ್ರಾಯಶಃ ಕಿವುಡು-ಮೂಕರ ಅಂಕಣಕ್ಕೆ. ಇಲ್ಲವೇ ಬುದ್ಧಿವಿಕಲರ ಅಂಕಣಕ್ಕೆ. ಮನೆಯವರು ಮುಚ್ಚಿಟ್ಟಿದ್ದರೆ ಯಾವ ಅಂಕಣಕ್ಕೂ ಇಲ್ಲ. ಇದು ಕೇವಲ ಊಹೆಯಲ್ಲ. ಮುಂದೆ ೧೯೪೩ರಲ್ಲಿ ವಿವರಿಸಲಾದ ಮೊದಲ ಮಕ್ಕಳಲ್ಲಿಯೂ ಹಲವರನ್ನು ಮೊದಮೊದಲು ಕಿವುಡರೆಂದೇ ತಿಳಿಯಲಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಸ್ವಾತಂತ್ರ್ಯಾನಂತರದ ಗಣತಿಗಳೂ ಈ ವಿಷಯದಲ್ಲಿ ಹೆಚ್ಚು ಮುಂದುವರಿಯಲಿಲ್ಲ. ೧೯೮೧ರ ಗಣತಿಯು ಪೂರ್ಣ ಕುರುಡರು, ಪೂರ್ಣ ಅಂಗವಿಕಲರು, ಪೂರ್ಣ ಮೂಕರು ಎಂಬ ಮೂರು ವರ್ಗಗಳನ್ನು ಕೇಳಿತು. ೧೯೯೧ರಲ್ಲಿ ಪ್ರಶ್ನೆಯೇ ಇರಲಿಲ್ಲ. ೨೦೦೧ರಲ್ಲಿ ಐದು ವರ್ಗಗಳೂ ೨೦೧೧ರಲ್ಲಿ ಎಂಟು ವರ್ಗಗಳೂ ಇದ್ದುವು. ಸ್ವಲೀನತೆಗೆ ಪ್ರತ್ಯೇಕ ಅಂಕಣವು ಈ ಯಾವುದರಲ್ಲಿಯೂ ಇರಲಿಲ್ಲ. ಹೀಗೆ ನೂರ ಮೂವತ್ತು ವರ್ಷಗಳ ಲೆಕ್ಕದಲ್ಲಿ ಈ ಮಕ್ಕಳು ಇದ್ದೂ ಇಲ್ಲದವರಾದರು. ಎಣಿಕೆಗೆ ಬಾರದವರಿಗೆ ಶಾಲೆಯಾಗಲಿ ಆಸ್ಪತ್ರೆಯಾಗಲಿ ಏರ್ಪಡುವುದು ಅಪರೂಪ.

೩

‘ಆಟಿಸಂ’ ಎಂಬ ಶಬ್ದವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರನು ೧೯೧೧ರ ತನ್ನ ಗ್ರಂಥದಲ್ಲಿ ಬಳಸಿದನು. ಗ್ರೀಕಿನಲ್ಲಿ ‘ತಾನು’ ಎಂಬ ಅರ್ಥದ ಮಾತು ಇದರ ಮೂಲ. ಆದರೆ ಅವನು ಹೇಳಿದುದು ಮಕ್ಕಳ ವಿಷಯವಲ್ಲ; ಛಿದ್ರಮನಸ್ಕತೆಯಿಂದ ನರಳುವ ವಯಸ್ಕರು ಹೊರಗಿನ ಲೋಕದಿಂದ ಹಿಂದೆಗೆದುಕೊಳ್ಳುವ ಬಗೆ. ಕನ್ನಡದಲ್ಲಿ ಈಗ ರೂಢಿಗೆ ಬಂದಿರುವ ‘ಸ್ವಲೀನತೆ’ಯೂ ಇದೇ ಅರ್ಥವನ್ನು ಅನುಸರಿಸಿದೆ. ಈ ಶಬ್ದವು ಸಂಪೂರ್ಣ ತೃಪ್ತಿಕರವಾದುದೆಂದು ನಮಗೆ ತೋರುವುದಿಲ್ಲ. ‘ಲೀನ’ ಎಂಬುದು ನಮ್ಮ ಕಿವಿಗೆ ಯೋಗದ ಮಾತು. ಬಯಸಿ ಒಳಗೆ ಮುಳುಗಿದವನ ಸ್ಥಿತಿ. ಈ ಮಕ್ಕಳಾದರೋ ಬಯಸಿ ದೂರ ಸರಿದವರಲ್ಲ. ಇತರರ ಮುಖ, ದನಿ, ಸನ್ನೆಗಳನ್ನು ಅವರ ಮಿದುಳು ಬೇರೆ ಬಗೆಯಲ್ಲಿ ಗ್ರಹಿಸುತ್ತದೆ. ಆದರೂ ರೂಢಿಯೇ ಬಲವಾದುದರಿಂದ ನಾವು ಈ ಶಬ್ದವನ್ನೇ ಬಳಸುತ್ತೇವೆ.

ಮಕ್ಕಳಲ್ಲಿ ಇಂತಹ ಲಕ್ಷಣಗಳನ್ನು ವಿವರವಾಗಿ ಬರೆದವರಲ್ಲಿ ಸೋವಿಯತ್ ದೇಶದ ವೈದ್ಯೆ ಗ್ರುನ್ಯಾ ಸುಖರೇವಾ ಮೊದಲಿಗರು. ಆರು ಮಂದಿ ಹುಡುಗರನ್ನು ಕುರಿತ ಆಕೆಯ ಲೇಖನ ೧೯೨೬ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಬಹುಕಾಲ ಅದನ್ನು ಯಾರೂ ಲಕ್ಷಿಸಲಿಲ್ಲ. ೧೯೪೩ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೊ ಕ್ಯಾನರ್ ಎಂಟು ಹುಡುಗರನ್ನೂ ಮೂವರು ಹುಡುಗಿಯರನ್ನೂ ಕುರಿತು ಬರೆದ ಪ್ರಬಂಧವೇ ಈ ವಿಷಯದ ಆದಿಗ್ರಂಥವೆಂದು ಪ್ರಸಿದ್ಧವಾಗಿದೆ.

ಆ ಪ್ರಬಂಧದ ಹಿಂದೆ ಒಂದು ಕಾಗದವಿದೆ. ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನಿಂದ ೧೯೩೮ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಐದು ವರ್ಷದ ಬಾಲಕನನ್ನು ಕ್ಯಾನರನ ಬಳಿಗೆ ಕರೆತರುವುದಕ್ಕೆ ಮೊದಲು ಬಾಲಕನ ತಂದೆ ೩೩ ಪುಟಗಳ ಕಾಗದವೊಂದನ್ನು ಬರೆದಿದ್ದನು. ಮಗ ಯಾವಾಗ ಏನು ಮಾಡಿದ, ಯಾವುದರಲ್ಲಿ ಆಸಕ್ತಿ ತೋರಿದ, ಯಾರನ್ನು ಲಕ್ಷಿಸಲಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಕ್ಯಾನರನು ಆ ಕಾಗದವನ್ನು ಬದಿಗಿರಿಸಲಿಲ್ಲ. ಅದನ್ನೇ ಆಧಾರವಾಗಿಟ್ಟುಕೊಂಡು ತನ್ನ ಮೊದಲ ವ್ಯಕ್ತಿಚಿತ್ರವನ್ನು ರಚಿಸಿದನು. ಅಷ್ಟೇ ಅಲ್ಲ, ಇತರ ತಾಯಂದಿರನ್ನೂ ಕೂಸಿನ ಮೊದಲ ತಿಂಗಳುಗಳ ವಿಷಯವಾಗಿ ಕೇಳಿದನು. ಎತ್ತಿಕೊಳ್ಳಲು ಕೈ ಚಾಚಿದಾಗ ಸಾಮಾನ್ಯವಾಗಿ ಕೂಸು ಮೈಯನ್ನು ಮುಂದೊಡ್ಡುತ್ತದೆ. ಈ ಕೂಸುಗಳು ಹಾಗೆ ಮಾಡುತ್ತಿರಲಿಲ್ಲವೆಂದು ತಾಯಂದಿರು ನೆನೆದು ಹೇಳಿದರು. ಕಂಕುಳಿಗೆ ಕೂಸನ್ನು ಎತ್ತಿಕೊಂಡ ಯಾವ ತಾಯಿಗಾದರೂ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಸ್ವಲೀನತೆಯ ಆರಂಭದ ಕುರುಹುಗಳಲ್ಲಿ ಶಾಸ್ತ್ರವು ಬರೆದಿಟ್ಟ ಮೊದಲನೆಯದು ಹೀಗೆ ತಾಯಂದಿರ ತೋಳಿನ ಅನುಭವದಿಂದ ಬಂದುದೆಂಬುದು ಸ್ಮರಣೀಯ. ಡೊನಾಲ್ಡನಾದರೋ ತನ್ನ ಊರಿನಲ್ಲಿಯೇ ಬ್ಯಾಂಕಿನ ಕೆಲಸ ಮಾಡಿಕೊಂಡು, ಊರವರ ನಡುವೆ ಬದುಕಿ, ೨೦೨೩ರಲ್ಲಿ ತನ್ನ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇದೇ ಕಾಲದಲ್ಲಿ ವಿಯೆನ್ನಾದ ಹಾನ್ಸ್ ಆಸ್ಪೆರ್ಗರ್ ೧೯೪೪ರಲ್ಲಿ ಇಂಥದೇ ಮಕ್ಕಳನ್ನು ವಿವರಿಸಿದನು. ಆದರೆ ನಾಜಿ ಆಳಿಕೆಯಲ್ಲಿ ಕೆಲವು ಮಕ್ಕಳನ್ನು ಅವನು ಸ್ಪೀಗಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳುಹಿಸಿದ್ದನೆಂದೂ, ಅದು ವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸ್ಥಳವೆಂದೂ ೨೦೧೮ರಲ್ಲಿ ಪ್ರಕಟವಾದ ಹೆರ್ವಿಗ್ ಚೆಕ್‌ನ ಸಂಶೋಧನೆ ಆಧಾರಸಹಿತವಾಗಿ ತೋರಿಸಿತು. ಗುರುತಿಸುವಿಕೆ ತನ್ನಷ್ಟಕ್ಕೆ ತಾನೇ ಒಳ್ಳೆಯದಲ್ಲ; ಅದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕಾಲದಲ್ಲಿಯೂ ಕೇಳಬೇಕಾಗುತ್ತದೆ.

೪

ಹೆತ್ತವರ ಸಾಕ್ಷ್ಯದಿಂದ ಹುಟ್ಟಿದ ಶಾಸ್ತ್ರವು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೆತ್ತವರನ್ನೇ ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸಿದುದು ಈ ಚರಿತ್ರೆಯ ಅತ್ಯಂತ ಖೇದಕರವಾದ ಅಧ್ಯಾಯ. ೧೯೪೩ರ ಪ್ರಬಂಧದಲ್ಲಿ ಈ ಸ್ಥಿತಿಯನ್ನು ಹುಟ್ಟಿನಿಂದ ಬಂದುದೆಂದು ಹೇಳಿದ್ದ ಕ್ಯಾನರನೇ ೧೯೪೯ರ ಬರೆಹದಲ್ಲಿ ತಂದೆತಾಯಿಗಳ ಶೀತಲ ಸ್ವಭಾವದ ಕಡೆಗೆ ಬೆರಳು ತೋರಿದನು. ಶಿಕಾಗೋದ ಬ್ರೂನೊ ಬೆಟ್ಟೆಲ್‌ಹೈಮನು ೧೯೬೭ರ ತನ್ನ ಗ್ರಂಥದಲ್ಲಿ ತಾಯಿಯ ನಿರಾಕರಣೆಯೇ ಮಗುವಿನ ಮೌನಕ್ಕೆ ಕಾರಣವೆಂಬ ವಾದವನ್ನು ಲೋಕಪ್ರಿಯಗೊಳಿಸಿದನು. ಇದರ ಪರಿಣಾಮ ಏನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ತನ್ನ ಮಗುವಿನ ಕುರುಹುಗಳನ್ನು ವೈದ್ಯನ ಮುಂದೆ ಬಿಚ್ಚಿಡುವ ತಾಯಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುತ್ತಿತ್ತು. ಅಂತಹ ಸ್ಥಿತಿಯಲ್ಲಿ ಯಾವ ತಾಯಿ ಬೇಗ ಬಂದಾಳು?

ನಮ್ಮ ಸೀಮೆಯ ಮನೆಗಳಲ್ಲಿ, ಬಸುರಿನಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಳೆಂದೋ, ಮಾಡಬಾರದುದನ್ನು ಮಾಡಿದಳೆಂದೋ ಸೊಸೆಯನ್ನು ದೂರುವುದುಂಟು. ಇದನ್ನು ಓದುಬರಹವಿಲ್ಲದವರ ಮೂಢನಂಬಿಕೆಯೆಂದು ಹಳಿಯುವುದು ಸುಲಭ. ಆದರೆ ಶಿಕಾಗೋದ ಪಂಡಿತನು ಹೇಳಿದುದಕ್ಕೂ ಹಟ್ಟಿಯ ಮುದುಕಿ ಹೇಳಿದುದಕ್ಕೂ ಭಾಷೆಯಲ್ಲಿ ಮಾತ್ರ ಭೇದ. ತಪ್ಪು ಹೆತ್ತವಳದೇ ಎಂಬ ತೀರ್ಪು ಎರಡರಲ್ಲಿಯೂ ಒಂದೇ.

ಈ ತೀರ್ಪನ್ನು ಮುರಿದವನೂ ಒಬ್ಬ ತಂದೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲೆಂಡನು, ತನ್ನ ಮಗನ ನಿಮಿತ್ತವಾಗಿ ದೊರೆತ ಬರೆಹಗಳನ್ನೆಲ್ಲ ಓದಿ, ೧೯೬೪ರ ತನ್ನ ಗ್ರಂಥದಲ್ಲಿ ಸ್ವಲೀನತೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದೆಂದು ವಾದಿಸಿದನು. ೧೯೬೯ರಲ್ಲಿ ಕ್ಯಾನರನು ಹೆತ್ತವರ ಸಭೆಯಲ್ಲಿ ನಿಂತು ಅವರನ್ನು ನಿರ್ದೋಷಿಗಳೆಂದು ಬಹಿರಂಗವಾಗಿ ಒಪ್ಪಿಕೊಂಡನು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ೨೧ ಅವಳಿಜೋಡಿಗಳನ್ನು ಪರೀಕ್ಷಿಸಿದರು. ಏಕಾಂಡದ ೧೧ ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು. ಭಿನ್ನಾಂಡದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಸಂಖ್ಯೆ ಸಣ್ಣದಾದರೂ ಆನುವಂಶಿಕತೆಯ ಪಾತ್ರವನ್ನು ಇದು ಎತ್ತಿ ತೋರಿಸಿತು. ೧೯೭೯ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜೂಡಿತ್ ಗೂಲ್ಡ್ ಎಂಬ ವಿದುಷಿಯರು ಸಾಮಾಜಿಕ ಸಂಬಂಧ, ಸಂವಹನ, ಕಲ್ಪನೆ ಎಂಬ ಮೂರರ ಕೊರತೆಗಳು ಒಟ್ಟಿಗೆ ಕಂಡುಬರುವುದನ್ನು ತೋರಿಸಿ, ಅಪರೂಪವೆಂದು ತಿಳಿದಿದ್ದ ಸ್ಥಿತಿಯು ನಿಜವಾಗಿ ವಿಶಾಲವಾದ ಪಟ್ಟಿಯೊಂದರ ತುದಿಯೆಂದು ಸಾಧಿಸಿದರು. ವಿಂಗ್ ಕೂಡ ಸ್ವಲೀನತೆಯುಳ್ಳ ಮಗಳ ತಾಯಿಯಾಗಿದ್ದರು.

೫

ಇಲ್ಲಿಯವರೆಗೂ ಕುರುಹುಗಳು ದೊರೆಯುತ್ತಿದ್ದುದು ನೆನಪಿನಿಂದ. ಮಗುವಿಗೆ ನಾಲ್ಕೈದು ವರ್ಷವಾದ ಮೇಲೆ ತಾಯಿ ಹಿಂದಿರುಗಿ ನೆನೆಯಬೇಕಾಗಿತ್ತು. ನೆನಪಿನಿಂದ ಪ್ರತ್ಯಕ್ಷಕ್ಕೆ ಬಂದುದು ೧೯೯೦ರ ದಶಕದ ಸಾಧನೆ. ೧೯೯೪ರಲ್ಲಿ ಓಸ್ಟರ್ಲಿಂಗ್ ಮತ್ತು ಡಾಸನ್ ಎಂಬ ಸಂಶೋಧಕರು ಮೊದಲ ಹುಟ್ಟುಹಬ್ಬದ ವೀಡಿಯೋ ಚಿತ್ರಗಳನ್ನು ಸಂಗ್ರಹಿಸಿದರು. ೧೧ ಮಕ್ಕಳು ಮುಂದೆ ಸ್ವಲೀನತೆಯುಳ್ಳವರೆಂದು ತಿಳಿದವರು. ೧೧ ಮಕ್ಕಳು ಸಾಮಾನ್ಯವಾಗಿ ಬೆಳೆದವರು. ಇತರರ ಮುಖವನ್ನು ನೋಡುವುದು, ಹೆಸರಿಗೆ ಓಗೊಡುವುದು, ವಸ್ತುಗಳನ್ನು ತೋರಿಸುವುದು, ಬೆರಳು ಮಾಡುವುದು ಎಂಬ ನಾಲ್ಕು ಅಂಶಗಳು ಎರಡು ಗುಂಪುಗಳನ್ನು ಬಹುಮಟ್ಟಿಗೆ ಬೇರ್ಪಡಿಸಿದುವು. ಮಾತು ಬಾರದಿರುವುದಕ್ಕಿಂತ ಬಹಳ ಮೊದಲೇ ಕುರುಹುಗಳಿರುತ್ತವೆಂಬುದು ಇದರಿಂದ ವ್ಯಕ್ತವಾಯಿತು.

ಇದಕ್ಕೆ ಎರಡು ವರ್ಷ ಮೊದಲು, ೧೯೯೨ರಲ್ಲಿ, ಇಂಗ್ಲೆಂಡಿನಲ್ಲಿ ಬ್ಯಾರನ್-ಕೋಹೆನ್ ಮೊದಲಾದವರು ಹದಿನೆಂಟು ತಿಂಗಳ ಮಕ್ಕಳಿಗಾಗಿ ‘ಚಾಟ್’ ಎಂಬ ಪ್ರಶ್ನಾವಳಿಯನ್ನು ರಚಿಸಿದ್ದರು. ಸ್ವಲೀನತೆಯುಳ್ಳ ಮಕ್ಕಳ ಒಡಹುಟ್ಟಿದವರಾದ ೪೧ ಮಕ್ಕಳನ್ನೂ ಇತರ ೫೦ ಮಕ್ಕಳನ್ನೂ ಪರೀಕ್ಷಿಸಿದಾಗ, ನಾಲ್ವರಲ್ಲಿ ಮುಖ್ಯ ಕುರುಹುಗಳು ಕಂಡುಬಂದುವು. ಮುಂದೆ ಸ್ವಲೀನತೆಯೆಂದು ನಿರ್ಣಯವಾದುದು ಆ ನಾಲ್ವರಿಗೇ. ಇದು ಆಶ್ಚರ್ಯಕರವಾದ ಯಶಸ್ಸು. ಆದರೆ ೧೬,೨೩೫ ಮಕ್ಕಳ ಮೇಲೆ ಅದೇ ಕ್ರಮವನ್ನು ನಡೆಸಿ ಆರು ವರ್ಷ ಹಿಂಬಾಲಿಸಿ ನೋಡಿದಾಗ, ಸ್ವಲೀನತೆಯಿದ್ದ ೫೦ ಮಕ್ಕಳಲ್ಲಿ ೧೯ ಮಂದಿ ಮಾತ್ರ ಹದಿನೆಂಟು ತಿಂಗಳಲ್ಲಿ ಸಿಕ್ಕಿಬಿದ್ದಿದ್ದರೆಂದು ೨೦೦೦ದಲ್ಲಿ ಪ್ರಕಟವಾಯಿತು. ಕುರುಹು ಕಂಡರೆ ಬಹುಮಟ್ಟಿಗೆ ನಂಬಬಹುದು, ಕಾಣದಿದ್ದರೆ ನಿಶ್ಚಿಂತರಾಗುವಂತಿಲ್ಲ. ಈ ಪಾಠದ ಆಧಾರದ ಮೇಲೆ ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ‘ಎಂ-ಚಾಟ್’ ಎಂಬ ಪರಿಷ್ಕೃತ ಪ್ರಶ್ನಾವಳಿ ೨೦೦೧ರಲ್ಲಿ ಹೊರಬಂದಿತು. ಅದು ಕೇಳುವುದು ಹೆತ್ತವರನ್ನೇ.

ಇದೇ ಸುಮಾರಿಗೆ, ೨೦೦೦ದಲ್ಲಿ, ಅಮೆರಿಕದ ನರವೈದ್ಯರ ಪರಿಷತ್ತು ತಡಮಾಡದೆ ಪರೀಕ್ಷೆಗೆ ಕಳುಹಿಸಬೇಕಾದ ಸಂದರ್ಭಗಳನ್ನು ಸಂಕ್ಷೇಪವಾಗಿ ಗೊತ್ತುಪಡಿಸಿತು: ಹನ್ನೆರಡು ತಿಂಗಳಾದರೂ ತೊದಲು ದನಿ ಇಲ್ಲದಿರುವುದು, ಹನ್ನೆರಡು ತಿಂಗಳಾದರೂ ಬೆರಳು ಮಾಡುವುದು, ಕೈಬೀಸುವುದು ಮೊದಲಾದ ಸನ್ನೆಗಳಿಲ್ಲದಿರುವುದು, ಹದಿನಾರು ತಿಂಗಳಾದರೂ ಒಂದು ಶಬ್ದವೂ ಇಲ್ಲದಿರುವುದು, ಇಪ್ಪತ್ತನಾಲ್ಕು ತಿಂಗಳಾದರೂ ತಾನಾಗಿ ಎರಡು ಶಬ್ದ ಜೋಡಿಸದಿರುವುದು, ಯಾವ ವಯಸ್ಸಿನಲ್ಲಾದರೂ ಬಂದಿದ್ದ ಮಾತು ಅಥವಾ ಬೆರೆಯುವ ಗುಣ ಹೋಗಿಬಿಡುವುದು. ಇವು ಸ್ವಲೀನತೆಯೆಂಬ ನಿರ್ಣಯಗಳಲ್ಲ. ವಿಚಾರಿಸಿ ನೋಡಬೇಕೆಂಬ ಸೂಚನೆಗಳು. ಇವುಗಳ ಜೊತೆಗೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು, ವಸ್ತುಗಳನ್ನು ಸಾಲಾಗಿ ಜೋಡಿಸುತ್ತಲೇ ಇರುವುದು, ಕೆಲವು ಸದ್ದುಗಳನ್ನು ಸಹಿಸದಿರುವುದು ಮುಂತಾದವೂ ಕಾಣಬಹುದು. ೨೦೧೩ರಲ್ಲಿ ಜೋನ್ಸ್ ಮತ್ತು ಕ್ಲಿನ್ ಎಂಬವರು, ಮುಂದೆ ಸ್ವಲೀನತೆಯೆಂದು ತಿಳಿದ ಕೂಸುಗಳು ಎರಡನೆಯ ತಿಂಗಳಲ್ಲಿ ಇತರರಂತೆಯೇ ಕಣ್ಣುಗಳನ್ನು ನೋಡುತ್ತಿದ್ದು, ಎರಡರಿಂದ ಆರನೆಯ ತಿಂಗಳೊಳಗೆ ಆ ನೋಟ ಕಡಮೆಯಾಗುತ್ತ ಬಂದುದನ್ನು ಯಂತ್ರಸಹಾಯದಿಂದ ಅಳೆದರು. ಬಹಳ ಸೂಕ್ಷ್ಮವಾದ ಈ ಬದಲಾವಣೆಯನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ಸಾಧ್ಯವಿಲ್ಲವಾದರೂ, ‘ಮೊದಲು ಚೆನ್ನಾಗಿತ್ತು, ಆಮೇಲೆ ಹೀಗಾಯಿತು’ ಎನ್ನುವ ತಾಯಿಯ ಮಾತನ್ನು ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ.

೬

ಇನ್ನು ನಮ್ಮ ನಾಡಿನ ವಿಷಯ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಅದೂ ಅಲ್ಲಿಯ ಸರಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನಲ್ಲಿ ೧೯೬೫ರಲ್ಲಿ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮಾತು ಬಾರದ ಮಗುವಿಗೆ ಕಿವಿಯ ದೋಷವೋ ಬೇರೆಯೋ ಎಂಬುದನ್ನು ನಿರ್ಧರಿಸಲು ಕನ್ನಡನಾಡಿಗೆ ಒಂದು ನೆಲೆ ದೊರೆತುದು ಆಗಲೇ. ಬೆಂಗಳೂರಿನಲ್ಲಿ ವಾಗ್ವಿಜ್ಞಾನಿ ಪ್ರತಿಭಾ ಕಾರಂತರು ೨೦೦೦ದಲ್ಲಿ ಆರಂಭಿಸಿದ ‘ಕಾಂ ಡೀಲ್’ ಎಂಬ ಕಾರ್ಯಕ್ರಮವು ಶಾಲೆಗೆ ಸೇರುವುದಕ್ಕೆ ಮೊದಲಿನ ಮಕ್ಕಳನ್ನೇ ಗುರಿಯಾಗಿಟ್ಟುಕೊಂಡಿತು. ಇವೆಲ್ಲ ದಕ್ಷಿಣದ ಮಾತು. ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದ ರಾಯಚೂರಿನಿಂದ ಬೆಂಗಳೂರು ಸುಮಾರು ೪೦೦ ಕಿಲೋಮೀಟರು. ಮೈಸೂರು ಇನ್ನೂ ದೂರ. ಹೈದರಾಬಾದಾದರೋ ಇದರ ಅರ್ಧ ದಾರಿ. ಅಲ್ಲಿಗೆ ಸೇರಿದಂತಿರುವ ಸಿಕಂದರಾಬಾದಿನಲ್ಲಿ ೧೯೮೪ರಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ರಾಜ್ಯದ ಗಡಿ ಬದಲಾದರೂ ರೋಗಿಯ ದಾರಿ ಬದಲಾಗಲಿಲ್ಲವೆಂಬುದು ಈ ಸೀಮೆಯ ವಿಶೇಷ. ರಾಯಚೂರಿನಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದುದು ೨೦೦೭ರಲ್ಲಿ.

ಕಾನೂನಿನ ದಾರಿಯೂ ನಿಧಾನವಾದುದೇ. ೧೯೯೫ರ ಅಂಗವಿಕಲರ ಅಧಿನಿಯಮದಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸದ ಅಧಿನಿಯಮದಲ್ಲಿ ಹೆಸರು ಬಂದಿತು. ೨೦೧೬ರ ಹೊಸ ಅಧಿನಿಯಮವು ೨೧ ಬಗೆಯ ವೈಕಲ್ಯಗಳಲ್ಲಿ ಇದನ್ನೂ ಸೇರಿಸಿತು. ಪ್ರಮಾಣಪತ್ರ ಕೊಡುವುದಕ್ಕಾಗಿ ಭಾರತದಲ್ಲಿಯೇ ರಚಿತವಾದ, ೪೦ ಅಂಶಗಳುಳ್ಳ ‘ಇಸಾ’ ಎಂಬ ಮಾಪನವನ್ನು ೨೦೧೬ರಲ್ಲಿ ಸರಕಾರ ಅಂಗೀಕರಿಸಿತು. ಆದರೆ ಇದು ಮೂರು ವರ್ಷ ತುಂಬಿದವರಿಗಾಗಿ ರಚಿತವಾದುದು. ಕುರುಹುಗಳು ಒಂದೂವರೆ ವರ್ಷದಲ್ಲಿ ಕಾಣುತ್ತವೆ. ಕಾಗದ ಮೂರರ ಮೇಲೆ ದೊರೆಯುತ್ತದೆ. ನಡುವಣ ಕಾಲವೇ ಮಗುವಿನ ಬೆಳವಣಿಗೆಯಲ್ಲಿ ಅತ್ಯಮೂಲ್ಯವಾದುದು.

ಈ ನಡುವಣ ಕಾಲವನ್ನು ತುಂಬಬಲ್ಲ ಏರ್ಪಾಡು ಹಳ್ಳಿಗಳಲ್ಲಿ ಇಲ್ಲದೆ ಇಲ್ಲ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ಟಿ. ನರಸೀಪುರವೂ ಒಂದು, ಅಲ್ಲಿಂದ ಹಬ್ಬಿದ ಅಂಗನವಾಡಿ ಇಂದು ದೇವದುರ್ಗದ ತಾಂಡಾಗಳವರೆಗೂ ಮುಟ್ಟಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆಯ ವಿಳಂಬವೂ ಅವರು ನೋಡಬೇಕಾದ ಅಂಶಗಳಲ್ಲೊಂದು. ತಾಯಿ ಕಾರ್ಡಿನಲ್ಲಿ ಮಗು ಯಾವ ತಿಂಗಳಲ್ಲಿ ಏನು ಮಾಡಬೇಕೆಂಬುದು ಚಿತ್ರಸಹಿತವಾಗಿದೆ. ಇನ್ನೂ ಒಂದು ಯೋಗ ಕೂಡಿಬಂದಿದೆ. ದಡಾರ-ರುಬೆಲ್ಲಾದ ಎರಡನೆಯ ಚುಚ್ಚುಮದ್ದನ್ನು ಹಾಕುವುದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ; ಎಂ-ಚಾಟ್ ಕೇಳಬೇಕಾದ ವಯಸ್ಸೂ ಅದೇ. ಆ ಒಂದು ಭೇಟಿಯಲ್ಲಿ ತಾಯಿಯನ್ನು ನಾಲ್ಕು ಮಾತು ಕೇಳಿದರೆ ಸಾಕು. ಈ ಚುಚ್ಚುಮದ್ದಿನಿಂದಲೇ ಸ್ವಲೀನತೆ ಬರುತ್ತದೆಂದು ೧೯೯೮ರಲ್ಲಿ ವೇಕ್‌ಫೀಲ್ಡನು ಹಬ್ಬಿಸಿದ ಅಪವಾದವು ಸುಳ್ಳೆಂದು ಸಿದ್ಧವಾಗಿದೆ. ಡೆನ್ಮಾರ್ಕಿನಲ್ಲಿ ೫,೩೭,೩೦೩ ಮಕ್ಕಳನ್ನು ಕುರಿತ ೨೦೦೨ರ ಅಧ್ಯಯನದಲ್ಲಿ ಅಂತಹ ಸಂಬಂಧ ಕಾಣಲಿಲ್ಲ; ಮೂಲ ಲೇಖನವನ್ನು ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ಆ ಅಪವಾದಕ್ಕೆ ಹೆದರಿ ಮಗುವನ್ನು ಕರೆತರದ ಮನೆಯವರು ದಡಾರದ ರಕ್ಷಣೆಯನ್ನೂ ಕುರುಹು ತಿಳಿಯುವ ಅವಕಾಶವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

೭

ಆದರೆ ಕೇಳುವ ಭಾಷೆ ಯಾವುದಾಗಿರಬೇಕು? ಇಂಗ್ಲಿಷಿನಿಂದ ಬಂದ ಪ್ರಶ್ನಾವಳಿಯನ್ನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿದರೆ ಮಾನ್ವಿಯ ತಾಯಿಗೆ ಅದು ಅನ್ಯಭಾಷೆಯೇ ಸರಿ. ‘ಹೆಸರು ಹಿಡದು ಕರದ್ರ ಹೊಳ್ಳಿ ನೋಡ್ತದೇನವ್ವಾ?’ ಎಂದು ಕೇಳಿದರೆ ಆಕೆ ಕೂಡಲೇ ಉತ್ತರಿಸುತ್ತಾಳೆ. ನಮ್ಮ ಮನೆಗಳ ಲಾಲನೆಯಲ್ಲಿಯೇ ಪರೀಕ್ಷೆಗಳು ಅಡಗಿವೆ. ಉಣಿಸುವಾಗ ತಾಯಿ ಅಂಗಳಕ್ಕೆ ಬಂದು ಚಂದಪ್ಪನನ್ನು ತೋರಿಸುತ್ತಾಳೆ. ಕೂಸು ಆಕೆಯ ಬೆರಳು ತೋರಿದ ಕಡೆ ನೋಡಿ, ಮತ್ತೆ ಆಕೆಯ ಮುಖವನ್ನು ನೋಡಿ ನಗುತ್ತದೆ. ಮರುದಿನ ತಾನೇ ಬೆರಳೆತ್ತಿ ತೋರಿಸುತ್ತದೆ. ಇಬ್ಬರೂ ಕೂಡಿ ಒಂದನ್ನು ನೋಡುವ ಈ ಕ್ರಿಯೆಯನ್ನೇ ಮನಶ್ಶಾಸ್ತ್ರಜ್ಞರು ಸಹಗಮನವೆಂದು ಕರೆದು, ಸ್ವಲೀನತೆಯ ಮೊದಲ ಕುರುಹುಗಳಲ್ಲಿ ಪ್ರಧಾನವಾದುದು ಇದರ ಅಭಾವವೆಂದು ಹೇಳಿದ್ದಾರೆ. ಬೇಕಾದುದನ್ನು ಪಡೆಯುವುದಕ್ಕಾಗಿ ತಾಯಿಯ ಕೈಯನ್ನು ಹಿಡಿದು ನೀರಿನ ಕೊಡದತ್ತ ಒಯ್ಯುವ ಮಗು ಉಂಟು. ಆದರೆ ಕೇವಲ ಸಂತೋಷವನ್ನು ಹಂಚಿಕೊಳ್ಳಲು ‘ಅಗೋ ನೋಡು’ ಎಂದು ತೋರಿಸದಿದ್ದರೆ ಅದನ್ನು ಲಕ್ಷಿಸಬೇಕು. ಮುಖ ಮುಚ್ಚಿ ತೆರೆದು ಆಡಿಸುವ ಆಟಕ್ಕೆ ಕೂಸು ನಗುವುದೇ, ಅಜ್ಜಿ ರೊಟ್ಟಿ ತಟ್ಟುವುದನ್ನು ನೋಡಿ ತಾನೂ ಅಂಗೈ ತಟ್ಟುವುದೇ ಎಂಬುವು ಇಂಥವೇ ಪ್ರಶ್ನೆಗಳು.

ತಡವಾಗುವುದಕ್ಕೆ ಕಾರಣಗಳೂ ಮನೆಯಲ್ಲಿಯೇ ಇವೆ. ಗಂಡುಮಕ್ಕಳಿಗೆ ಮಾತು ತಡ ಎನ್ನುವುದು ಮೊದಲನೆಯದು. ಇದರಲ್ಲಿ ಅಲ್ಪಸ್ವಲ್ಪ ಸತ್ಯವಿದ್ದರೂ ಹೆಸರಿಗೆ ತಿರುಗದಿರುವುದನ್ನು ಇದು ವಿವರಿಸಲಾರದು. ನಾಲಗೆಗೆ ಬಜೆ ತಿಕ್ಕಿದರೆ ಮಾತು ಬರುತ್ತದೆಂಬ ಭರವಸೆ ಎರಡನೆಯದು. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಓಣಿಯಲ್ಲಿ ಕೇಳುವುದರಿಂದ ಮಗುವಿಗೆ ಗೊಂದಲವಾಗಿದೆ ಎಂಬುದು ಮೂರನೆಯದು; ಹಲವು ಭಾಷೆಗಳನ್ನು ಕೇಳುವುದರಿಂದ ಸ್ವಲೀನತೆ ಬರುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಹೆಣ್ಣುಮಗು ಸುಮ್ಮನೆ ಮೂಲೆಯಲ್ಲಿ ಕುಳಿತರೆ ‘ಸಾಧು ಕೂಸು’ ಎಂಬ ಹೊಗಳಿಕೆ ದೊರೆತು, ಕುರುಹು ಮರೆಯಾಗುವುದು ನಾಲ್ಕನೆಯದು. ಐದನೆಯದು ಗುಳೆ. ದೇವದುರ್ಗ, ಲಿಂಗಸುಗೂರುಗಳ ಕಡೆಯಿಂದ ಕೂಲಿಗಾಗಿ ಬೆಂಗಳೂರು, ಪುಣೆಗಳಿಗೆ ಹೋಗುವ ಕುಟುಂಬದ ಕೂಸು ಊರಿನ ಅಂಗನವಾಡಿಯ ಲೆಕ್ಕದಲ್ಲಿಯೂ ಇರುವುದಿಲ್ಲ, ಪಟ್ಟಣದ ಲೆಕ್ಕದಲ್ಲಿಯೂ ಇರುವುದಿಲ್ಲ. ಭಾರತದ ನಗರಗಳ ೯೫ ಕುಟುಂಬಗಳನ್ನು ಕುರಿತು ೨೦೦೪ರಲ್ಲಿ ತಮಾರಾ ಡೇಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ಹೆತ್ತವರು ಅಮೆರಿಕದವರಿಗಿಂತ ಕೆಲವು ತಿಂಗಳು ತಡವಾಗಿ ಗಮನಿಸಿದರೂ, ಅವರು ಮೊದಲು ಕಂಡುದು ಮಾತಿನ ಕೊರತೆಯನ್ನಲ್ಲ, ಬೆರೆಯುವಿಕೆಯ ಕೊರತೆಯನ್ನು ಎಂದಿದೆ. ಜನ ತುಂಬಿದ ಮನೆಯಲ್ಲಿ ಜನರನ್ನು ಲಕ್ಷಿಸದ ಮಗು ಎದ್ದುಕಾಣುವುದು ಸಹಜವೇ.

ಬೇಗ ಗುರುತಿಸಿ ಪ್ರಯೋಜನವೇನು, ಗುಣಪಡಿಸುವ ಔಷಧವಿಲ್ಲವಲ್ಲ ಎಂಬ ಆಕ್ಷೇಪಣೆಯನ್ನು ಇಲ್ಲಿ ವಿಚಾರಿಸಬೇಕು. ಇದು ತಳ್ಳಿಹಾಕುವ ಮಾತಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೦೭ರಲ್ಲಿ ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಲ್ಲಿ ಎಲ್ಲ ಮಕ್ಕಳನ್ನೂ ಪರೀಕ್ಷಿಸಬೇಕೆಂದಿತು. ಅದೇ ದೇಶದ ರೋಗನಿವಾರಣಾ ಕಾರ್ಯಪಡೆಯು ೨೦೧೬ರಲ್ಲಿ, ಹೆತ್ತವರಿಗೆ ಯಾವ ಸಂಶಯವೂ ಇಲ್ಲದ ಮಕ್ಕಳನ್ನು ಪರೀಕ್ಷಿಸುವುದರ ಲಾಭನಷ್ಟಗಳನ್ನು ತೂಗಲು ಆಧಾರ ಸಾಲದೆಂದಿತು. ಆದರೆ ತಾಯಿಗೆ ಸಂಶಯ ಬಂದ ಮಗುವಿನ ವಿಷಯದಲ್ಲಿ ಈ ಎರಡು ಮಂಡಲಿಗಳಿಗೂ ಭಿನ್ನಾಭಿಪ್ರಾಯವಿಲ್ಲ. ಅಂತಹ ಮಗುವನ್ನು ತಪ್ಪದೆ ನೋಡಬೇಕು. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಕಿವುಡಿದ್ದರೆ ಅದಕ್ಕೆ ಬೇರೆ ದಾರಿಯುಂಟು. ಉಳಿದಂತೆ, ತಜ್ಞರಿಲ್ಲದ ಹಳ್ಳಿಯಲ್ಲಿ ಏನು ಮಾಡಲು ಸಾಧ್ಯವೆಂಬುದಕ್ಕೆ ಗೋವೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ೬೫ ಮಕ್ಕಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗವೊಂದು ನಿದರ್ಶನ. ಅಲ್ಲಿ ವೈದ್ಯರಲ್ಲದ, ತರಬೇತು ಪಡೆದ ಕಾರ್ಯಕರ್ತರು ತಾಯಿತಂದೆಗಳಿಗೆ ಮಗುವಿನ ಗಮನವನ್ನು ಅನುಸರಿಸಿ ಪ್ರತಿಕ್ರಿಯಿಸುವುದನ್ನು ಕಲಿಸಿದರು; ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಗುಣಪಡಿಸುವುದು ಬೇರೆ, ಮಗುವಿನೊಡನೆ ಮಾತಿನ ಸೇತುವೆ ಕಟ್ಟುವುದು ಬೇರೆ. ಎರಡನೆಯದು ಸಾಧ್ಯ, ಬೇಗ ತೊಡಗಿದಷ್ಟೂ ಮೇಲು.

೮

ಈ ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಸ್ವಲೀನತೆಯ ಮೊದಲ ಕುರುಹುಗಳ ಅರಿವು ಪ್ರಯೋಗಶಾಲೆಯಲ್ಲಿ ಹುಟ್ಟಿದುದಲ್ಲ. ಒಬ್ಬ ತಂದೆಯ ಕಾಗದದಲ್ಲಿ, ಹಲವು ತಾಯಂದಿರ ನೆನಪಿನಲ್ಲಿ ಹುಟ್ಟಿದುದು. ಅವರನ್ನು ದೂಷಿಸಿದ ಕಾಲದಲ್ಲಿ ಅದು ಕುಂಠಿತವಾಯಿತು. ಅವರನ್ನು ಮತ್ತೆ ಕೇಳತೊಡಗಿದಾಗ ಚಿಗುರಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಜಾಣ ಮಕ್ಕಳಿಗೆ ಮಾತ್ರ ಅನ್ವಯಿಸುತ್ತೇವೆ. ನೆರವು ಬೇಕಾದ ಮೊಳಕೆಯನ್ನು ಗುರುತಿಸುವುದೂ ಅದೇ ಕಣ್ಣಿನ ಕೆಲಸ.

ರಾಯಚೂರು ಸೀಮೆಯಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದುದು ಹೊಸ ಕಟ್ಟಡವಲ್ಲ. ಚುಚ್ಚುಮದ್ದಿನ ದಿನ ತಾಯಿಯನ್ನು ಆಕೆಯ ಮಾತಿನಲ್ಲಿ ಕೇಳುವ ವ್ಯವಧಾನ, ಉತ್ತರವನ್ನು ಬರೆದುಕೊಳ್ಳುವ ಪುಸ್ತಕ, ಬರೆದುಕೊಂಡುದನ್ನು ಮುಂದಕ್ಕೆ ಸಾಗಿಸುವ ದಾರಿ, ಇವು ಬೇಕು. ಇಲ್ಲಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೂ ಒಂದುಂಟು. ಮಗುವಿನ ಬೆಳವಣಿಗೆಯನ್ನು ಕುರಿತು ಮಾನ್ವಿ, ದೇವದುರ್ಗ, ಸಿಂಧನೂರುಗಳ ಅಜ್ಜಿಯರು ಬಳಸುವ ಮಾತುಗಳನ್ನು ನಾಲ್ಕೂ ಭಾಷೆಗಳಲ್ಲಿ ಕೂಡಿಹಾಕಿದರೆ, ಯಾವ ಅನುವಾದಕ್ಕಿಂತಲೂ ಉತ್ತಮವಾದ ಪ್ರಶ್ನಾವಳಿಗೆ ಅದು ಸಾಮಗ್ರಿಯಾದೀತು. ಶಾಸನಗಳನ್ನು ಪ್ರತಿಮಾಡಿಕೊಳ್ಳುವಷ್ಟೇ ಶ್ರದ್ಧೆಯಿಂದ ಈ ಮಾತುಗಳನ್ನೂ ಪ್ರತಿಮಾಡಿಕೊಳ್ಳಬೇಕು. ‘ಮೂಕ’, ‘ಮಳ್ಳ’ ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತಿದ್ದ ಬಾಲ್ಯಗಳಿಗೆ ಇನ್ನಾದರೂ ಬೇರೆ ಮಾತು ದೊರೆಯಲಿ. ಆ ಮಕ್ಕಳ ಚರಿತ್ರೆಯನ್ನು ಮುಂದೆ ಬರೆಯುವವನಿಗೆ ಆಧಾರಗಳಿಲ್ಲವೆಂಬ ಕೊರತೆಯೂ ಆಗ ಇರಲಾರದು.